ಕ್ಯಾಮೆರಾದೊಳಗೆ ಅತ್ತೆ

ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ತರಲೆಂದು ತಿರುವನಂತಪುರದ ಚಾಲೈ ಪೇಟೆಗೆ ಹೋದ ವೆಂಕಟರಮಣ ಸಿನಿಮಾ ಕ್ಯಾಮೆರಾ ತಂದ. ಗ್ಯಾಸ್ಕೆಟ್ ತರಲಿಲ್ಲ. ಆ ದಿನ ಅವನ ಹೆಂಡತಿ ವೇದವತಿ ಅನ್ನವನ್ನು ತಪ್ಪಲೆಯಲ್ಲಿ ಬಸಿದಳು. ಮುಂದೆ ಅವಳು ಅನುಭವಿಸಿದ್ದಕ್ಕೆ ಹೋಲಿಸಿದರೆ ಆ ಗಂಜಿ ಯಾವ ಲೆಕ್ಕಕ್ಕೂ ಇಲ್ಲ.

ವೆಂಕಟರಮಣ ಮೈಸೂರಿನವನು. ಕೇಂದ್ರ ಸರ್ಕಾರದ ಒಂದು ಸಮೀಕ್ಷೆ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ತಿರುವನಂತಪುರಕ್ಕೆ ವರ್ಗವಾಗಿ ಬಂದು ಏಳು ವರ್ಷವಾಗಿತ್ತು. ವಾಪಸು ಮೈಸೂರಿಗೆ ಹಾಕಿ ಎಂದು ಬರೆದ ಅರ್ಜಿ ಐದಾಗಿತ್ತು. ಐದನೆಯದು ಫಲಿಸುವ ಹಾಗಿತ್ತು. ದೀಪಾವಳಿಗೆ ಮುಂಚೆ ವರ್ಗಾವಣೆ ಪಟ್ಟಿ ಹೊರಡುತ್ತದೆ, ಹೆಸರಿದೆ, ಆದರೆ ಅಲ್ಲಿಯವರೆಗೆ ಮೈಮೇಲೆ ಒಂದೇ ಒಂದು ದೂರೂ ಇರಕೂಡದು ಎಂದು ಮೇಲಿನ ಕಚೇರಿಯಿಂದ ಫೋನ್ ಬಂದಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ದೂರು ಬರುವಂಥ ಕೆಲಸವನ್ನಾಗಲಿ, ಹೊಗಳಿಕೆ ಬರುವಂಥ ಕೆಲಸವನ್ನಾಗಲಿ ಅವನು ಮಾಡಿರಲಿಲ್ಲ. ಹಾಗಾಗಿ ನಿಶ್ಚಿಂತೆಯಿಂದಿದ್ದ.

ಉಳ್ಳೂರು ಬಡಾವಣೆಯ ಅವರ ಬಾಡಿಗೆ ಮನೆಯಲ್ಲಿ ಒಂದು ಕಾನೂನಿತ್ತು. ಹೊಸಿಲು ದಾಟಿ ಒಳಗೆ ಬಂದ ಮೇಲೆ ಕನ್ನಡ ಮಾತ್ರ. ಕಾನೂನು ಮಾಡಿದವನು, ಪಾಲಿಸುವವನು, ಉಲ್ಲಂಘನೆಯಾದರೆ ಕೂಗಾಡುವವನು ಎಲ್ಲ ವೆಂಕಟರಮಣನೇ. ಎಂಟನೇ ಕ್ಲಾಸಿನ ಮಗಳು ನಿಖಿತಾ ಕನ್ನಡದಲ್ಲಿ ಬೈಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

"ಎನಿಕ್ಕ್ ಮೈಸೂರ್ ವೇಂಡ."

"ನನಗೆ ಮೈಸೂರು ಬೇಡ ಅಂತ ಕನ್ನಡದಲ್ಲಿ ಹೇಳು!"

"ಕನ್ನಡದಲ್ಲಿ ಹೇಳಿದ್ರೆ ಬಿಟ್ಬಿಡ್ತೀಯಾ?"

ಇನ್ನು ಕ್ಯಾಮೆರಾ. ಅದನ್ನು ಮಾರಿದವನು ಚಾಲೈಯ ಒಳಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವ ಗಣಪತಿ ಆಚಾರಿ. ಎಪ್ಪತ್ತು ದಾಟಿದ ಮುದುಕ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದ. ಹಿಂದೆ ಫಿಲ್ಮ್ ತೊಳೆಯುವ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಲ್ಯಾಬು ಮುಚ್ಚಿತು, ಆಚಾರಿ ಮುಚ್ಚಲಿಲ್ಲ.

"ಎಂಟು ಮಿಲಿಮೀಟರಿನ ಫಿಲ್ಮು. ಬ್ಯಾಟರಿ ಇಲ್ಲ, ಗಡಿಯಾರದ ಹಾಗೆ ಕೀ ಕೊಡಬೇಕು," ಎಂದು ಆಚಾರಿ ಹೇಳಿದ್ದ. "ಪೂರ್ತಿ ಕೀ ಕೊಟ್ಟರೆ ಅರ್ಧ ನಿಮಿಷ ಓಡುತ್ತದೆ. ಎರಡು ನಿಮಿಷಕ್ಕೆ ರೀಲಿನ ಒಂದು ಮಗ್ಗುಲು ಮುಗಿಯುತ್ತದೆ. ಆಗ ಕತ್ತಲಲ್ಲಿ ತೆಗೆದು, ತಿರುವಿ ಹಾಕಿ, ಇನ್ನೊಂದು ಮಗ್ಗುಲಲ್ಲಿ ಎರಡು ನಿಮಿಷ ತೆಗೆಯಬೇಕು. ಅಷ್ಟೇ. ಅದೇ ರೀಲನ್ನು ಮರೆತು ಮತ್ತೆ ಹಾಕಿದಿರೋ, ಹಳೆಯದರ ಮೇಲೆ ಹೊಸದು ಕೂತುಕೊಳ್ಳುತ್ತದೆ. ಬೆಳಕಿನಲ್ಲಿ ತೆರೆದಿರೋ, ಎಲ್ಲ ಹೋಯಿತು. ಮತ್ತೆ ಲೆನ್ಸಿನ ಮುಚ್ಚಳ. ನೀವು ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಮುಚ್ಚಳ ಹಾಕಿದ್ದರೂ ನಿಮಗೆ ಲೋಕವೆಲ್ಲ ಕಾಣುತ್ತದೆ. ಫಿಲ್ಮಿಗೆ ಮಾತ್ರ ಅಮಾವಾಸ್ಯೆ."

ಆಚಾರಿ ಕೊಟ್ಟದ್ದು ಎರಡು ರೀಲು, ಒಂದೇ ತರದ ಎರಡು ತಗಡಿನ ಡಬ್ಬಿಗಳಲ್ಲಿ. ವೆಂಕಟರಮಣ ಮೂರು ವಾರ ಅವನ್ನು ಮುಟ್ಟಲಿಲ್ಲ. ಬರೀ ಕ್ಯಾಮೆರಾದ ಉಪಚಾರ ಮಾಡಿದ. ಮಗಳ ಡ್ರಾಯಿಂಗ್ ಬ್ರಷ್‌ನಿಂದ ಒಳಗಿನ ಧೂಳು ಗುಡಿಸಿದ. ಸೂಜಿಯ ತುದಿಯಲ್ಲಿ ಒಂದೇ ಒಂದು ಹನಿ ಗಡಿಯಾರದ ಎಣ್ಣೆ ಬಿಟ್ಟ. ಕೀ ಕೊಟ್ಟು, ಕಿವಿಗಿಟ್ಟು ಕೇಳಿದ. ಪಕ್ಕದ ಮನೆಯ ಮೇರಿ ಚೇಚ್ಚಿ, ಅಂದರೆ ಮೇರಿಯಕ್ಕ, ಮೆಡಿಕಲ್ ಕಾಲೇಜಿನಲ್ಲಿ ನರ್ಸಾಗಿ ನಿವೃತ್ತಿಯಾದವರು, ಇದನ್ನು ಕಾಂಪೌಂಡಿನಾಚೆಯಿಂದ ಎರಡು ದಿನ ನೋಡಿ ಮೂರನೇ ದಿನ ಸ್ಟೆತಸ್ಕೋಪ್ ಹಿಡಿದುಕೊಂಡೇ ಬಂದರು. ಕ್ಯಾಮೆರಾದ ಬೆನ್ನಿಗೆ ಇಟ್ಟು, ಕಣ್ಣು ಮುಚ್ಚಿ ಕೇಳಿ, "ಬಡಿತ ಸರಿಯಾಗಿಲ್ಲ ಸಾರೇ. ತೆಂಗಿನೆಣ್ಣೆ ಹಚ್ಚಿ," ಎಂದರು. ಮೇರಿ ಚೇಚ್ಚಿಯ ಪ್ರಕಾರ ತೆಂಗಿನೆಣ್ಣೆಗೆ ಬಗ್ಗದ ಕಾಯಿಲೆ ಕೇರಳದಲ್ಲಿ ಇನ್ನೂ ಹುಟ್ಟಿಲ್ಲ.

ಈ ಮೂರು ವಾರದಲ್ಲಿ ವೆಂಕಟರಮಣನ ಮಾತು ಬದಲಾಯಿತು. ಕನ್ನಡ ಸಂಘದ ಕಾಫಿ ಕೂಟದಲ್ಲಿ ಯಾರೋ ಮೊಮ್ಮಗುವಿನ ವಿಡಿಯೋ ತೋರಿಸಲು ಫೋನ್ ಚಾಚಿದರೆ ಮುಖ ತಿರುಗಿಸಿ, "ಫೋನಿನಲ್ಲಿ ತೆಗೆದದ್ದು ಬರೀ ಮಾಹಿತಿ. ಫಿಲ್ಮಿನಲ್ಲಿ ತೆಗೆದದ್ದು ಕಲೆ," ಎಂದ. ಇಷ್ಟರಲ್ಲಿ ಅವನು ಒಂದಡಿ ಫಿಲ್ಮನ್ನೂ ತೆಗೆದಿರಲಿಲ್ಲ. ಕಲೆಯ ಬಗ್ಗೆ ಮಾತಾಡಲು ಅದೇ ತಕ್ಕ ಸಮಯ.

ಈ ಮಾತು ವೇದವತಿಯ ಫೋನಿನ ಮೂಲಕ ಮೈಸೂರು ಮುಟ್ಟಿತು. ಅಲ್ಲಿ ಅವಳ ತಾಯಿ ಕುಸುಮಾವತಿಯವರು ಇದ್ದರು. ಅವರ ಮಹಿಳಾ ಮಂಡಳಿಯಲ್ಲಿ ಎಲ್ಲರೂ ತಮ್ಮ ತಮ್ಮ ಹಾಡನ್ನು ಫೋನಿನಲ್ಲಿ ತೆಗೆಸಿ ಗ್ರೂಪಿಗೆ ಹಾಕುತ್ತಿದ್ದರು. ಕುಸುಮಾವತಿಯವರದು ಮಾತ್ರ ಬಂದಿರಲಿಲ್ಲ. ಅವರ ಹಾಡು ಹನ್ನೊಂದು ಚರಣದ್ದು, ಅವರ ಸೋದರತ್ತೆ ಕಟ್ಟಿದ್ದು. ಅಷ್ಟು ಹೊತ್ತು ಫೋನು ಹಿಡಿದುಕೊಂಡು ನಿಲ್ಲುವ ಕೈ ಮಂಡಳಿಯಲ್ಲಿ ಯಾರಿಗೂ ಇರಲಿಲ್ಲ. ಅಳಿಯನ ಸುದ್ದಿ ಕೇಳಿದ್ದೇ ಅವರು ಮಂಡಳಿಗೆ ಘೋಷಿಸಿದರು: "ನೀವೆಲ್ಲ ಫೋನ್‌ನಲ್ಲಿ ಇಟ್ಕೊಳ್ಳಿ. ನನ್ನ ಅಳಿಯಂದ್ರು ನನ್ನ ಹಾಡನ್ನ ಸಿನಿಮಾ ತೆಗೀತಾರೆ."

ನವರಾತ್ರಿಯ ಮೊದಲ ದಿನವೇ ರೈಲಿಳಿದರು. ಹದಿನೈದು ದಿನಕ್ಕೆಂದು ಬಂದಿದ್ದರು.

ಐದನೇ ದಿನ ಬೆಳಿಗ್ಗೆ ಹತ್ತಕ್ಕೆ ಟೆರೇಸಿನ ಮೇಲೆ ಚಿತ್ರೀಕರಣ. ಅತ್ತೆ ನೇರಳೆ ಬಣ್ಣದ ಮೈಸೂರು ರೇಷ್ಮೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಫಿಲ್ಮು ಕಪ್ಪು ಬಿಳುಪಿನದೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಿಖಿತಾಳ ಫೋನು, ವೇದವತಿಯ ಫೋನು, ನೋಡಲು ಬಂದ ಮೇರಿ ಚೇಚ್ಚಿಯ ಫೋನು ಮೂರನ್ನೂ ವೆಂಕಟರಮಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದ. ಕಲೆ ನಡೆಯುವಲ್ಲಿ ಮಾಹಿತಿ ಇರಕೂಡದು. ಆಮೇಲೆ ಉದ್ದನೆಯ ಅಳತೆ ಟೇಪಿನ ಒಂದು ತುದಿಯನ್ನು ಲೆನ್ಸಿಗೂ ಇನ್ನೊಂದನ್ನು ಅತ್ತೆಯ ಮುಖಕ್ಕೂ ಹಿಡಿದು ಅಳೆದ.

"ಅತ್ತೆ, ಮೂಗು ಸರಿಯಾಗಿ ಎಂಟು ಅಡಿಯಲ್ಲಿ ಇರಬೇಕು. ಈಗ ಏಳೂಮುಕ್ಕಾಲಿದೆ."

"ನನ್ನ ಮೂಗು ದೇವರು ಇಟ್ಟ ಜಾಗದಲ್ಲೇ ಇದೆ ಅಳಿಯಂದ್ರೇ. ನೀವು ಹಿಂದೆ ಸರ್ಕೊಳ್ಳಿ."

ಹಾಡು ಶುರುವಾಯಿತು. ಎರಡನೇ ಚರಣ ಮುಗಿಯುವ ಹೊತ್ತಿಗೆ ರೀಲಿನ ಮೊದಲ ಮಗ್ಗುಲು ಮುಗಿಯಿತು. ವೆಂಕಟರಮಣ ಕಂಬಳಿಯೊಳಗೆ ನುಗ್ಗಿ ರೀಲು ತಿರುವಿ ಹಾಕಿಕೊಂಡು ಬರುವಷ್ಟರಲ್ಲಿ ಅತ್ತೆ ನಾಲ್ಕನೇ ಚರಣದಲ್ಲಿದ್ದರು. ಅದರ ಮುಂದಿನ ಎರಡು ನಿಮಿಷವೂ ಮುಗಿದ ಮೇಲೆ, ಫಿಲ್ಮು ಖಾಲಿಯಾಗಿದೆ ಎಂದು ಹೇಳಲಾರದೆ, ಉಳಿದ ಐದು ಚರಣಕ್ಕೆ ಸುಮ್ಮನೆ ಕಣ್ಣಿಗೆ ಹಿಡಿದುಕೊಂಡು ನಿಂತ.

ವೇದವತಿ ಹತ್ತಿರ ಬಂದು ಪಿಸುಗುಟ್ಟಿದಳು. "ರೀ, ಇದರಲ್ಲಿ ಧ್ವನಿ ಬರತ್ತಾ?"

"ಚಲನಚಿತ್ರ ಕಣೇ. ಚಲನೆ ಇದೆ, ಚಿತ್ರ ಇದೆ. ಆ ಹೆಸರಿನಲ್ಲಿ ಧ್ವನಿ ಎಲ್ಲಿದೆ?"

ವೇದವತಿ ತಾಯಿಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಮೇಲಿನ ಷಡ್ಜ ಹಿಡಿದಿದ್ದರು. "ಹಾಗಾದ್ರೆ ನೀವೇ ಹೇಳಿ," ಎಂದು ಕೆಳಗಿಳಿದು ಹೋದಳು.

ಆಚಾರಿಯ ಅಂಗಡಿ ಪೂಜೆಗೆ ಮುಚ್ಚಿತ್ತು. ಕೇರಳದಲ್ಲಿ ಅಷ್ಟಮಿಗೆ ಹತಾರಗಳನ್ನು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಆಚಾರಿ ಭಕ್ತಿ ಹೆಚ್ಚಾಗಿ ಐದು ದಿನ ಮೊದಲೇ ಇಟ್ಟಿದ್ದ. ಹಬ್ಬ ಕಳೆದ ಮೇಲೆ ಎರಡೂ ರೀಲು ಒಟ್ಟಿಗೆ ಕೊಟ್ಟರಾಯಿತೆಂದು ವೆಂಕಟರಮಣ ಅತ್ತೆಯಿದ್ದ ಡಬ್ಬಿಗೆ ಗುರುತು ಹಾಕಿಟ್ಟ. ಪೆನ್ನು ಕೈಗೆ ಸಿಗದ್ದರಿಂದ ದೇವರ ಮುಂದಿನ ಬಟ್ಟಲಿಂದ ಒಂದು ಬೊಟ್ಟು ಕುಂಕುಮ ಇಟ್ಟ. ಕುಂಕುಮ ಇದ್ದದ್ದು ತೆಗೆದ ರೀಲು, ಇಲ್ಲದ್ದು ಹೊಸದು. ಇಷ್ಟು ಸರಳವಾದ ವ್ಯವಸ್ಥೆ ಭಾರತ ಸರ್ಕಾರದ ಯಾವ ಕಚೇರಿಯಲ್ಲೂ ಇಲ್ಲವೆಂದು ಹೆಮ್ಮೆಪಟ್ಟ.

ಮಹಾನವಮಿಯ ದಿನ ಆಯುಧಪೂಜೆ. ಕುಸುಮಾವತಿಯವರು ಮಿಕ್ಸಿ, ಸ್ಕೂಟರು, ಇಸ್ತ್ರಿಪೆಟ್ಟಿಗೆ, ನಿಖಿತಾಳ ಜಾಮಿಟ್ರಿ ಬಾಕ್ಸು ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು ಕ್ಯಾಮೆರಾಕ್ಕೆ ಬಂದರು. ಅದರ ಪಕ್ಕ ಎರಡು ಡಬ್ಬಿ. ಒಂದಕ್ಕೆ ಯಾರೋ ಆಗಲೇ ಕುಂಕುಮ ಇಟ್ಟಿದ್ದಾರೆ, ಇನ್ನೊಂದನ್ನು ಬೋಳು ಬಿಟ್ಟಿದ್ದಾರೆ.

"ಇದೇನಿದು ಪಂಕ್ತಿಭೇದ!" ಎಂದು ತಮ್ಮಷ್ಟಕ್ಕೆ ಬೈದುಕೊಂಡರು. ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡಕ್ಕೂ ಸಮನಾಗಿ ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ ಇಟ್ಟರು. ದೇವರ ಮುಂದೆ ಎಲ್ಲ ಡಬ್ಬಿಯೂ ಒಂದೇ.

ಹಬ್ಬ ಕಳೆದ ಎರಡನೇ ದಿನ ವೆಂಕಟರಮಣನಿಗೆ ಕೊಚ್ಚಿಯಲ್ಲಿ ಡ್ಯೂಟಿ ಬಿತ್ತು. ಸಮುದ್ರ, ಹಡಗು, ದೋಣಿ; ಹೊಸ ರೀಲಿಗೆ ಇದಕ್ಕಿಂತ ವಿಷಯ ಬೇಕೆ? ಬೆಳಗಿನ ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ಡ್ರಾಯರ್ ಎಳೆದ. ಎರಡು ಡಬ್ಬಿಗೂ ಕುಂಕುಮ. ಒಂದು ನಿಮಿಷ ನಿಂತ. ಅತ್ತೆಯನ್ನು ಎಬ್ಬಿಸಿ ಕೇಳಿದರೆ "ನನ್ನ ಹಾಡು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿಂತ ಊಹೆಯೇ ವಾಸಿ. ಸೇವಂತಿಗೆ ಹೆಚ್ಚು ಬಾಡಿದ್ದು ಹಳೆಯ ಡಬ್ಬಿ, ಕಡಿಮೆ ಬಾಡಿದ್ದು ಹೊಸದು ಎಂದು ತೀರ್ಮಾನಿಸಿ, ಕಡಿಮೆ ಬಾಡಿದ್ದನ್ನು ಕ್ಯಾಮೆರಾಕ್ಕೆ ತುಂಬಿಕೊಂಡು ಹೋದ.

ವಿಲ್ಲಿಂಗ್ಡನ್ ಐಲ್ಯಾಂಡಿನ ದೋಣಿಕಟ್ಟೆಯಲ್ಲಿ ಇಳಿದು, ಎದುರಿಗೆ ನಿಂತ ದೊಡ್ಡ ಹಡಗನ್ನೂ ಕ್ರೇನುಗಳನ್ನೂ ಒಂದು ಮಗ್ಗುಲಿನ ಎರಡು ನಿಮಿಷ ಪೂರ್ತಿ ತೆಗೆದ. ಕ್ಯಾಮೆರಾ ಕೆಳಗಿಳಿಸಿದಾಗ ಎರಡು ಕಡೆ ಇಬ್ಬರು ಕಾವಲುಗಾರರು ನಿಂತಿದ್ದರು. ಅವನ ಬೆನ್ನ ಹಿಂದೆ ಆಳೆತ್ತರದ ಫಲಕವಿತ್ತು: ಚಿತ್ರೀಕರಣ ನಿಷೇಧಿಸಿದೆ. ಕಿಂಡಿಯಲ್ಲಿ ಎದುರಿನದು ಕಾಣುತ್ತದೆಯೇ ಹೊರತು ಬೆನ್ನ ಹಿಂದಿನದು ಕಾಣುವುದಿಲ್ಲ.

ಭದ್ರತಾ ಕಚೇರಿಯ ಅಧಿಕಾರಿಯ ಹೆಸರು ಕಾರ್ತಿಕೇಯನ್. ಮೀಸೆಯಿದ್ದರೂ ಮೆತ್ತಗಿನ ಮನುಷ್ಯ. ಕೇಂದ್ರ ಸರ್ಕಾರದ ಗುರುತಿನ ಚೀಟಿ ನೋಡಿ ಕುರ್ಚಿ ಕೊಟ್ಟರು.

"ಸಾರ್ ನಮ್ಮವರೇ. ದೊಡ್ಡ ವಿಷಯ ಮಾಡೋದು ಬೇಡ. ಡಿಲೀಟ್ ಮಾಡಿ, ಚಾಯ ಕುಡಿದು ಹೋಗಿ."

"ಇದರಲ್ಲಿ ಡಿಲೀಟ್ ಇಲ್ಲ ಸಾರ್."

"ಸರಿ, ಏನು ತೆಗೆದಿರಿ ತೋರಿಸಿ."

"ತೋರಿಸೋಕೆ ಬರಲ್ಲ. ತೊಳೆಸಬೇಕು."

"ಮೆಮೊರಿ ಕಾರ್ಡ್ ಕೊಡಿ."

"ಕಾರ್ಡ್ ಇಲ್ಲ."

"ಬ್ಯಾಟರಿ ತೆಗೀರಿ."

"ಬ್ಯಾಟರಿನೂ ಇಲ್ಲ."

ಕಾರ್ತಿಕೇಯನ್ ಪೆನ್ನು ಕೆಳಗಿಟ್ಟರು. "ಕಾರ್ಡ್ ಇಲ್ಲ, ಬ್ಯಾಟರಿ ಇಲ್ಲ. ಮತ್ತೆ ಈ ಸಾಧನ ಹೇಗೆ ಕೆಲಸ ಮಾಡುತ್ತೆ?"

ಒಂದು ತಿಂಗಳಿಂದ ವೆಂಕಟರಮಣ ಕಾಯುತ್ತಿದ್ದದ್ದು ಇದೇ ಪ್ರಶ್ನೆಗೆ. "ಹೀಗೆ," ಎಂದು ಉತ್ಸಾಹದಿಂದ ಕೀ ಪೂರ್ತಿ ತಿರುಗಿಸಿ, ಗುಂಡಿ ಒತ್ತಿ ಮೇಜಿನ ಮೇಲಿಟ್ಟ. ಟಕಟಕಟಕಟಕ ಎಂದು ಅದು ಸದ್ದು ಮಾಡತೊಡಗಿತು.

ಕೀ ಕೊಟ್ಟರೆ ಟಕಟಕ ಎನ್ನುವ, ಬ್ಯಾಟರಿಯಿಲ್ಲದ, ಭಾರವಾದ ಕಬ್ಬಿಣದ ವಸ್ತುವಿನ ಬಗ್ಗೆ ಭದ್ರತಾ ಸಿಬ್ಬಂದಿಗೆ ತರಬೇತಿಯಲ್ಲಿ ಒಂದೇ ಪಾಠವಿರುತ್ತದೆ. ಕಾವಲುಗಾರರಿಬ್ಬರೂ ಬಾಗಿಲಾಚೆ ಹಾರಿದರು. ಕಾರ್ತಿಕೇಯನ್ ಮೇಜಿನ ಕೆಳಗಿದ್ದರು. ಚಾಯ ತರುತ್ತಿದ್ದ ಕ್ಯಾಂಟೀನಿನವನು ಲೋಟ ಸಮೇತ ನೆಲಕ್ಕೆ ಒರಗಿದ. ಅಪರಾಧಿ ಮಾತ್ರ ಕುರ್ಚಿಯಲ್ಲಿ ಕೂತು, ಅರ್ಧ ನಿಮಿಷ ಸರಿಯಾಗಿ ಓಡುತ್ತದೆಯೇ ಎಂದು ವಾಚು ನೋಡುತ್ತಿದ್ದ.

"ಮೂವತ್ತೊಂದು ಸೆಕೆಂಡು," ಎಂದ, ಸದ್ದು ನಿಂತ ಮೇಲೆ. "ಎಣ್ಣೆ ಒಳ್ಳೆ ಕೆಲಸ ಮಾಡಿದೆ."

ಕಾರ್ತಿಕೇಯನ್ ಮೇಜಿನ ಕೆಳಗಿಂದ ಎದ್ದರು. ಈಗ ಅವರು ಮೆತ್ತಗಿನ ಮನುಷ್ಯರಾಗಿರಲಿಲ್ಲ. "ಹಿಂದಿನ ಬಾಗಿಲು ತೆಗೀರಿ."

"ತೆಗೆದ್ರೆ ಬೆಳಕು ಬಿದ್ದು ಒಳಗಿರೋದೆಲ್ಲ ಅಳಿಸಿ ಹೋಗುತ್ತೆ ಸಾರ್!"

"ಅಳಿಸಿ ಹೋಗುತ್ತೆ? ಹಾಗಾದ್ರೆ ಡಿಲೀಟ್ ಇದೆ! ಅದನ್ನೇ ನಾನು ಅರ್ಧ ಗಂಟೆಯಿಂದ ಕೇಳ್ತಾ ಇರೋದು. ತೆಗೀರಿ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ವೆಂಕಟರಮಣ ಬಾಗಿಲ ಚಿಲಕಕ್ಕೆ ಕೈ ಹಾಕಿಯೂ ಆಗಿತ್ತು. ಆಗ ಅವನ ಹೆಬ್ಬೆರಳು ಕಣ್ಣಿಗೆ ಬಿತ್ತು. ಅದರ ಮೇಲೆ ಬೆಳಿಗ್ಗೆ ಡಬ್ಬಿಯಿಂದ ಅಂಟಿದ ಕುಂಕುಮ. ಎರಡು ಡಬ್ಬಿ, ಎರಡು ಕುಂಕುಮ, ಎರಡು ಸೇವಂತಿಗೆ. ಒಂದೇ ದಿನ ಕಿತ್ತ ಸೇವಂತಿಗೆ. ಬಾಡಿದ ಲೆಕ್ಕ ಎಂಥ ಲೆಕ್ಕ? ಈ ಬಾಗಿಲ ಹಿಂದೆ ಇರುವುದು ಬರೀ ಹಡಗೋ, ಅಥವಾ ಹಡಗಿನ ಅಡಿಯಲ್ಲಿ ಅತ್ತೆಯ ಹಾಡೋ?

ಚಿಲಕದಿಂದ ಕೈ ತೆಗೆದ. ಬಾಗಿಲು ತೆರೆದರೆ ದೂರಿಲ್ಲ, ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಮೈಸೂರು ಸಿಗುತ್ತದೆ. ಆದರೆ ಆ ಮೈಸೂರಿನಲ್ಲಿ ಅತ್ತೆ ಇರುತ್ತಾರೆ. ಹಾಡಿಲ್ಲದ ಅತ್ತೆ. ಭಾರತ ಸರ್ಕಾರ ಹೆಚ್ಚೆಂದರೆ ಸಸ್ಪೆಂಡ್ ಮಾಡುತ್ತದೆ, ಅದಕ್ಕೆ ಅಪೀಲಿದೆ.

"ತೆಗೆಯೋಕಾಗಲ್ಲ ಸಾರ್," ಎಂದ.

"ಯಾಕೆ? ಏನಿದೆ ಒಳಗೆ?"

"ನನ್ನ ಅತ್ತೆ ಇದ್ದಾರೆ."

"ಎಲ್ಲಿ?"

"ಒಳಗೆ. ಇರಬಹುದು. ಖಚಿತವಾಗಿ ಹೇಳೋಕಾಗಲ್ಲ."

ಕಾರ್ತಿಕೇಯನ್ ಕ್ಯಾಮೆರಾವನ್ನೊಮ್ಮೆ ನೋಡಿದರು, ವೆಂಕಟರಮಣನನ್ನೊಮ್ಮೆ ನೋಡಿದರು, ಕಾಗದ ಎಳೆದುಕೊಂಡು ಬರೆದರು. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಸೀಲ್ ಮಾಡಿದರು. "ಒಳಗಿನ ಚಿತ್ರ ನೋಡಿದ ಮೇಲೇ ಫೈಲ್ ಮುಚ್ಚೋದು. ಅಲ್ಲಿವರೆಗೆ ನಿಮ್ಮ ಕಚೇರಿಗೆ ಒಂದು ಪತ್ರ ಹೋಗುತ್ತೆ."

ಪತ್ರ ಅವನಿಗಿಂತ ಮೊದಲು ತಿರುವನಂತಪುರ ಮುಟ್ಟಿತು. ಸುದ್ದಿ ಪತ್ರಕ್ಕಿಂತ ಮೊದಲು ಉಳ್ಳೂರು ಮುಟ್ಟಿತು. ಮನೆಗೆ ಬಂದಾಗ ಮೇರಿ ಚೇಚ್ಚಿ ಒಂದು ತಟ್ಟೆ ಬಾಳೆಹಣ್ಣಿನ ಬಜ್ಜಿ ಹಿಡಿದುಕೊಂಡು ಹಜಾರದಲ್ಲಿ ಕೂತಿದ್ದರು. ಸಾವಿನ ಮನೆಗಲ್ಲದೆ ಬೇರೆಲ್ಲಿಗೂ ಅವರು ತಿಂಡಿ ಒಯ್ದದ್ದನ್ನು ಯಾರೂ ಕಂಡಿರಲಿಲ್ಲ.

"ಯಾವ ದೇಶಕ್ಕೆ ಸಾರೇ?" ಎಂದು ಮೆಲ್ಲಗೆ ಕೇಳಿದರು.

"ಏನು ಯಾವ ದೇಶಕ್ಕೆ?"

"ಗೂಢಚಾರಿಕೆ. ಹೇಳೋದು ಬೇಡ ಅಂದ್ರೆ ಬೇಡ. ತಿನ್ನಿ."

ವೇದವತಿ ಅಡುಗೆಮನೆಯಿಂದಲೇ ಕೂಗಿದಳು. "ಏಳು ವರ್ಷ! ಏಳು ವರ್ಷ ಕಾದಿದ್ದೀನ್ರೀ. ಒಂದು ಮುಚ್ಚಳ ತೆಗೆದಿದ್ರೆ ಮುಗೀತಿತ್ತಲ್ಲ? ಬಾಗಿಲು ತೆಗೀರಿ ಅಂದ್ರೆ ತೆಗೀಬೇಕಪ್ಪ!"

ಕುಸುಮಾವತಿಯವರು ಎಲ್ಲ ಕೇಳಿಸಿಕೊಂಡು, ಡ್ರಾಯರಿನಲ್ಲಿ ಉಳಿದಿದ್ದ ಡಬ್ಬಿಯನ್ನು ಎತ್ತಿ ನೋಡಿ, ಇಟ್ಟು, ಒಂದೇ ಪ್ರಶ್ನೆ ಕೇಳಿದರು. "ಅಂದ್ರೆ ನನ್ನನ್ನ ಅರಗು ಹಾಕಿ ಸೀಲ್ ಮಾಡಿದ್ದಾರೆ?"

"ಖಚಿತ ಇಲ್ಲ ಅತ್ತೆ..."

"ಇವರು ತೆಗೆಯೋಕೆ ಬಿಡಲಿಲ್ಲ ಕಣೇ ವೇದಾ," ಎಂದರು ಮಗಳಿಗೆ. ಅಳಿಯನನ್ನು ಮೊದಲ ಸಲ ಸ್ವಲ್ಪ ಗೌರವದಿಂದ ನೋಡಿದರು. "ಸರ್ಕಾರಕ್ಕೆ ಎದುರು ನಿಂತಿದ್ದಾರೆ. ಇರಲಿ, ನನ್ನ ಟಿಕೆಟ್ ಕ್ಯಾನ್ಸಲ್ ಮಾಡ್ಸು. ನನ್ನ ಹಾಡು ಬಿಡುಗಡೆ ಆಗೋವರೆಗೂ ನಾನು ಈ ಊರು ಬಿಡಲ್ಲ."

"ಅಮ್ಮೂಮ್ಮ ಇವಿಡೆ ತನ್ನೆಯೋ? ಅಡಿಪೊಳಿ!" ಅಜ್ಜಿ ಇಲ್ಲೇನಾ, ಭರ್ಜರಿ ಎಂದು ನಿಖಿತಾ ಚಪ್ಪಾಳೆ ತಟ್ಟಿದಳು. ಅಪ್ಪನ ಮೈಸೂರು ತಪ್ಪಿದ್ದಕ್ಕೋ ಅಜ್ಜಿ ಉಳಿದದ್ದಕ್ಕೋ, ಆ ಚಪ್ಪಾಳೆ ಹೇಳಲಿಲ್ಲ.

ದೀಪಾವಳಿಗೆ ಹದಿನಾರು ದಿನ ಉಳಿದಿತ್ತು.

ಭದ್ರತಾ ಕಚೇರಿ ಮೂವರ ಸಮಿತಿ ಮಾಡಿತು. ಮಾನ್ಯತೆ ಪಡೆದ ಲ್ಯಾಬಿನಲ್ಲೇ ಫಿಲ್ಮ್ ತೊಳೆಸಬೇಕೆಂದು ಸಮಿತಿ ಐದು ಸ್ಟುಡಿಯೋಗಳಿಗೆ ಬರೆಯಿತು. ನಾಲ್ಕು ಕಡೆಯಿಂದ ಅಂಥ ಯಂತ್ರವನ್ನು ಗುಜರಿಗೆ ಹಾಕಿದ್ದೇವೆಂದು ಉತ್ತರ ಬಂತು. ಐದನೆಯವರು, ಸಿಕ್ಕಿದರೆ ನಮ್ಮ ಮ್ಯೂಸಿಯಮ್ಮಿಗೆ ಕೊಡಿ ಎಂದು ಬರೆದರು. ಕೊನೆಗೆ, ದೀಪಾವಳಿಗೆ ಐದು ದಿನ ಇರುವಾಗ, ಕಾರ್ತಿಕೇಯನ್ ಮತ್ತು ಸಮಿತಿಯ ಇನ್ನಿಬ್ಬರು ಸೀಲಾದ ಗಂಟು ಹೊತ್ತುಕೊಂಡು ರೈಲಿನಲ್ಲಿ ಬಂದು, ಚಾಲೈಯ ಬೆಳ್ಳುಳ್ಳಿ ಮೂಟೆಗಳ ಸಂದಿಯಲ್ಲಿ ನುಸುಳಿ, ಗಣಪತಿ ಆಚಾರಿಯ ಅಂಗಡಿ ಹೊಕ್ಕರು.

ಆಚಾರಿ ಬಚ್ಚಲಿನಲ್ಲಿ ಬಕೆಟ್ಟು ಜೋಡಿ ಮಾಡಿಟ್ಟಿದ್ದ. "ಎಲ್ಲ ಹಂತವೂ ನನ್ನ ಕಣ್ಣೆದುರಿಗೇ ನಡೆಯಬೇಕು," ಎಂದರು ಕಾರ್ತಿಕೇಯನ್.

"ಬನ್ನಿ," ಎಂದು ಆಚಾರಿ ಅವರನ್ನು ಒಳಗೆ ಕರೆದು ಬಾಗಿಲು ಹಾಕಿ ದೀಪ ಆರಿಸಿದ. ಕಡುಗತ್ತಲು. ಮುಕ್ಕಾಲು ಗಂಟೆ ಒಳಗಿಂದ ನೀರಿನ ಸದ್ದು ಮತ್ತು ಕಾರ್ತಿಕೇಯನ್ ಬಕೆಟ್ಟಿಗೆ ಕಾಲು ತಗುಲಿಸಿಕೊಂಡು ಕ್ಷಮೆ ಕೇಳುವ ಸದ್ದು ಬರುತ್ತಿತ್ತು. ಹೊರಬಂದು ಅವರು ಪ್ರಾಮಾಣಿಕವಾಗಿ ವರದಿ ಬರೆದರು: "ಇಡೀ ಪ್ರಕ್ರಿಯೆ ನನ್ನ ಸಮಕ್ಷಮದಲ್ಲಿ ನಡೆಯಿತು. ನನಗೆ ಏನೂ ಕಾಣಲಿಲ್ಲ."

ಆಚಾರಿ ಫಿಲ್ಮು ಒಣಗಿಸಿ, ಉದ್ದಕ್ಕೆ ಮಧ್ಯದಲ್ಲಿ ಸೀಳಿ, ಎರಡು ಮಗ್ಗುಲನ್ನೂ ಒಂದಕ್ಕೊಂದು ಅಂಟಿಸಿ, ಗೋಡೆಗೆ ತನ್ನ ಬಿಳಿ ಮುಂಡು ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದ. ವೆಂಕಟರಮಣ ಮೂಲೆಯಲ್ಲಿ ನಿಂತು ಏಕಕಾಲಕ್ಕೆ ಎರಡು ಹರಕೆ ಹೊತ್ತ. ಹಡಗು ಬರದಿರಲಿ ಎಂದೊಂದು, ಅತ್ತೆ ಬರಲಿ ಎಂದೊಂದು.

ಎರಡೂ ಬಂದವು. ಒಟ್ಟಿಗೆ.

ಸಮುದ್ರದ ನಟ್ಟನಡುವೆ, ಹತ್ತು ಮಹಡಿಯಷ್ಟು ಎತ್ತರಕ್ಕೆ, ಕುಸುಮಾವತಿಯವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಹಡಗು ಅವರ ಮಡಿಲಲ್ಲಿತ್ತು. ಒಂದು ದೋಣಿ ಸೆರಗಿನ ಈ ಕಡೆ ಹೊಕ್ಕು ಆ ಕಡೆ ಹೊರಟಿತು. ಕ್ರೇನು ಅವರ ಕಿವಿಯಿಂದ ಹೊರಟು, ಒಂದು ಕಂಟೇನರನ್ನು ನಿಧಾನವಾಗಿ ಎತ್ತಿ, ಸರಿಯಾಗಿ ಅವರು ಬಾಯಿ ತೆರೆದಾಗ ಒಳಗಿಟ್ಟಿತು. ಅವರು ಬಾಯಿ ಮುಚ್ಚಿದರು. ಸಮಿತಿಯ ಒಬ್ಬರು ಕೈ ಮುಗಿದರು. ಆಮೇಲೆ ನೆನಪಾಗಿ ಇಳಿಸಿದರು.

"ನಿಷೇಧಿತ ಕಟ್ಟೆ ಎಲ್ಲಿ?" ಎಂದು ಕಾರ್ತಿಕೇಯನ್ ಮುಂದೆ ಬಗ್ಗಿ ಹುಡುಕಿದರು.

"ಮೂಗಿನ ಹಿಂದೆ ಸಾರ್," ಎಂದ ವೆಂಕಟರಮಣ. ಎಂಟು ಅಡಿಗೆ ಅಳೆದಿಟ್ಟ ಮೂಗು ಅಚ್ಚುಕಟ್ಟಾಗಿ ಫೋಕಸ್ಸಿನಲ್ಲಿತ್ತು. ಅದರ ಹಿಂದೆ ಏನಿದೆಯೆಂದು ಯಾವ ಶತ್ರುರಾಷ್ಟ್ರಕ್ಕೂ ತಿಳಿಯುವಂತಿರಲಿಲ್ಲ.

ಫೈಲು ಅಲ್ಲೇ ಮುಚ್ಚಬಹುದಿತ್ತು. "ಆಕ್ಷೇಪಾರ್ಹ ಸ್ಥಳವನ್ನು ಮಹಿಳೆಯೊಬ್ಬರು ಸಂಪೂರ್ಣವಾಗಿ ಮರೆಮಾಡಿರುತ್ತಾರೆ," ಎಂದು ಕಾರ್ತಿಕೇಯನ್ ಬರೆದೂ ಆಗಿತ್ತು. ಆದರೆ ನಮೂನೆಯಲ್ಲಿ ಇನ್ನೊಂದು ಕಾಲಂ ಇತ್ತು. ಚಿತ್ರದಲ್ಲಿರುವ ವ್ಯಕ್ತಿ ಹೇಳುತ್ತಿರುವುದೇನು?

"ಧ್ವನಿ ಹಾಕಿ," ಎಂದರು.

"ಇದಕ್ಕೆ ಧ್ವನಿ ಇಲ್ಲ," ಎಂದ ಆಚಾರಿ.

"ಆಯಮ್ಮ ಹಡಗಿನ ಮುಂದೆ ಕೂತು ಎರಡು ನಿಮಿಷ ಏನೋ ಹೇಳ್ತಾ ಇದ್ದಾರೆ. ಕೈಯಲ್ಲಿ ಏನೋ ಎಣಿಸ್ತಿದ್ದಾರೆ."

"ತಾಳ ಸಾರ್ ಅದು!"

"ಅದನ್ನ ಅವರೇ ಬಂದು ಹೇಳಲಿ."

ಹೀಗೆ ದೀಪಾವಳಿಗೆ ಮೂರು ದಿನವಿರುವಾಗ ಕುಸುಮಾವತಿಯವರಿಗೆ ಭಾರತ ಸರ್ಕಾರದ ಮೊಹರಿದ್ದ ಕಾಗದ ಬಂತು: ಕಚೇರಿಗೆ ಹಾಜರಾಗಿ ಸದರಿ ಹಾಡನ್ನು ಪ್ರಸ್ತುತಪಡಿಸತಕ್ಕದ್ದು. ಫಿಲ್ಮಿನಲ್ಲಿ ಧ್ವನಿ ಇಲ್ಲವೆಂಬ ಸುದ್ದಿಯನ್ನು ವೇದವತಿ ಇದೇ ಸಮಯ ನೋಡಿ ಹೇಳಿಬಿಟ್ಟಳು. ಅತ್ತೆಯ ಕಿವಿಗೆ ಅದು ಬೀಳಲಿಲ್ಲ. ಅವರು ಕಾಗದದ ಫೋಟೋ ತೆಗೆದು ಮಂಡಳಿಯ ಗ್ರೂಪಿಗೆ ಹಾಕುತ್ತಿದ್ದರು. ಅದೇ ನೇರಳೆ ರೇಷ್ಮೆ ಉಟ್ಟು ಕೊಚ್ಚಿಯ ರೈಲು ಹತ್ತಿದರು.

ಸಮಿತಿ ಮೇಜಿನ ಹಿಂದೆ ಕೂತಿತ್ತು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು, ನೀರು ತರಿಸಿ ಕುಡಿದು, ಫ್ಯಾನು ಆರಿಸಲು ಹೇಳಿದರು. ಶ್ರುತಿಗೆ ತೊಂದರೆ. ಹಾಡು ಶುರುವಾಯಿತು.

"ಭವಸಾಗರದೊಳು ನೌಕೆಯು ಸಿಲುಕಿದೆ, ನಾವಿಕ ನೀನೆಲ್ಲೋ..."

"ನಿಲ್ಲಿ!" ಎಂದು ಕಾರ್ತಿಕೇಯನ್ ಎದ್ದರು. ಸಂಸ್ಕೃತದ ಮಾತುಗಳಿಗೆ ಮಲಯಾಳಿಗಳು ದುಭಾಷಿಯನ್ನು ಕೇಳಬೇಕಾಗಿಲ್ಲ. "ಸಾಗರಂ ಅಂದ್ರು. ನೌಕ ಅಂದ್ರು. ನಾವಿಕನ್ ಎಲ್ಲಿ ಅಂತ ಕೇಳ್ತಿದ್ದಾರೆ. ಯಾವ ನೌಕೆ?"

"ಅದು ಸಂಸಾರ ಸಾರ್," ಎಂದ ವೆಂಕಟರಮಣ.

ಸಮಿತಿಯ ಇನ್ನೊಬ್ಬರು ಕಂಪ್ಯೂಟರ್ ನೋಡಿದರು. "ಆ ಹೆಸರಿನ ಹಡಗು ನಮ್ಮ ಪಟ್ಟಿಯಲ್ಲಿಲ್ಲ."

"ನಾವಿಕ ಯಾರು?"

"ಕೃಷ್ಣ."

"ಇನಿಷಿಯಲ್?"

ಕುಸುಮಾವತಿಯವರು ಅಲ್ಲಿಯವರೆಗೆ ತಾಳ ಬಿಡದೆ ಕಾಯುತ್ತಿದ್ದವರು ಈಗ ಕೈ ನಿಲ್ಲಿಸಿದರು. "ಅಳಿಯಂದ್ರೇ, ಇವರಿಗೆ ಹೇಳಿ. ಈ ಹಾಡನ್ನ ಮಧ್ಯೆ ನಿಲ್ಲಿಸಿದ್ರೆ ಮೊದಲಿಂದ ಶುರು ಮಾಡಬೇಕು. ನಮ್ಮ ಸೋದರತ್ತೆ ಹಾಗೇ ವಿಧಿಸಿದ್ದಾರೆ." ಎಂದು ಮೊದಲಿಂದ ಶುರು ಮಾಡಿದರು.

ಎರಡನೇ ಚರಣಕ್ಕೆ ಬಿರುಗಾಳಿಯ ಬಗ್ಗೆ ಪ್ರಶ್ನೆ ಬಂತು. ಮೊದಲಿಂದ ಹಾಡಿದರು. ಮೂರನೆಯದರಲ್ಲಿ "ಆರು ಮೊಸಳೆ" ಎಂದರೆ ಯಾವ ಬಗೆಯ ಜಲಾಂತರ್ಗಾಮಿ ಎಂದು ಒಬ್ಬರು ಕೇಳಿದರು. ಕಾಮಕ್ರೋಧಾದಿಗಳು ಎಂದು ವೆಂಕಟರಮಣ ಉತ್ತರಿಸುವಷ್ಟರಲ್ಲಿ ಅತ್ತೆ ಮತ್ತೆ ಪಲ್ಲವಿಯಲ್ಲಿದ್ದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಊಟದ ಗಂಟೆ ಹೊಡೆಯಿತು. ಐದನೇ ಚರಣದಲ್ಲಿ ಸಮಿತಿಯ ಒಬ್ಬರಿಗೆ ತುರ್ತು ಫೋನ್ ಬಂತು. ಫೋನು ಆಫ್ ಆಗಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಆರನೆಯದರಲ್ಲಿ ಇನ್ನೊಬ್ಬರು ಅವರನ್ನು ಕರೆತರಲು ಹೋದರು. ಕಾರ್ತಿಕೇಯನ್ ಒಬ್ಬರೇ, ಫ್ಯಾನಿಲ್ಲದೆ ಬೆವರುತ್ತ, ಏಳನೇ ಚರಣದವರೆಗೆ ಕೂತರು.

"ಮದಿ, ಅಮ್ಮೇ, ಮದಿ. ಸಾಕು. ತೃಪ್ತಿಯಾಯಿತು," ಎಂದು ಕೈ ಮುಗಿದರು.

"ಮಧ್ಯೆ ಮಾತಾಡಿದ್ರಿ," ಎಂದು ಕುಸುಮಾವತಿಯವರು ಪಲ್ಲವಿಗೆ ಬಾಯಿ ತೆರೆದರು.

ಕಾರ್ತಿಕೇಯನ್ ಸರ್ಕಾರಿ ನೌಕರಿಯಲ್ಲಿ ಅಷ್ಟು ವೇಗವಾಗಿ ಯಾವುದನ್ನೂ ಬರೆದಿರಲಿಕ್ಕಿಲ್ಲ. "ಧ್ವನಿ ಪರಿಶೀಲಿಸಲಾಯಿತು. ಆಕ್ಷೇಪವಿಲ್ಲ. ಮತ್ತೊಮ್ಮೆ ಪರಿಶೀಲಿಸುವ ಅಗತ್ಯ ಎಂದಿಗೂ ಇಲ್ಲ." ಸಹಿ, ಮೊಹರು. ಕ್ಯಾಮೆರಾ ವಾಪಸು. ಫಿಲ್ಮು ಮಾತ್ರ ಇಲ್ಲ: ಹಡಗನ್ನು ಇಟ್ಟುಕೊಂಡು ಅತ್ತೆಯನ್ನು ಬಿಡುಗಡೆ ಮಾಡಲು ಸಾಧ್ಯವಿಲ್ಲದ ಕಾರಣ ಎರಡನ್ನೂ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಶಾಶ್ವತವಾಗಿ ಇಡತಕ್ಕದ್ದು ಎಂದಿತ್ತು.

ಈ ಸಾಲನ್ನು ವೆಂಕಟರಮಣ ಆದಷ್ಟು ವೇಗವಾಗಿ ಓದಿ ಹೇಳಿದ. ಕುಸುಮಾವತಿಯವರು ಎರಡು ಸಲ ಓದಿಸಿದರು. ಆಮೇಲೆ ಮಂಡಳಿಗೆ ಫೋನು ಹಚ್ಚಿದರು.

"ನಿಮ್ಮದೆಲ್ಲ ಗ್ರೂಪಿನಲ್ಲಿದೆ, ನಾಳೆ ಯಾರಾದ್ರೂ ಅಳಿಸಿಹಾಕ್ತಾರೆ. ನನ್ನ ಹಾಡನ್ನ ಕೇಂದ್ರ ಸರ್ಕಾರ ತಿಜೋರೀಲಿಟ್ಟು ಕಾವಲು ಹಾಕಿದೆ. ಬಂದೂಕು ಹಿಡಿದವರು ಇಬ್ಬರಿದ್ದಾರೆ."

ದೀಪಾವಳಿಯ ಹಿಂದಿನ ದಿನ ಪಟ್ಟಿ ಹೊರಟಿತು. ಮೈಸೂರು ಸಿಕ್ಕಿತು. ವೇದವತಿ ಆ ಮಧ್ಯಾಹ್ನವೇ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತತೊಡಗಿದಳು. ನಿಖಿತಾ ಮೂರು ದಿನ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ, ಸಾಮಾನಿನ ಲಾರಿ ಬರುವ ಮೊದಲು, ಕುಸುಮಾವತಿಯವರು ನೇರಳೆ ರೇಷ್ಮೆಯುಟ್ಟು ಟೆರೇಸಿಗೆ ಬಂದರು. ಕೈಯಲ್ಲಿ ಉಳಿದಿದ್ದ ಇನ್ನೊಂದು ಡಬ್ಬಿ.

"ಅಳಿಯಂದ್ರೇ, ಮೊದಲನೇದು ಸರ್ಕಾರಕ್ಕಾಯ್ತು. ಇದು ಮನೆಗೆ. ಪೂರ್ತಿ ಹನ್ನೊಂದೂ ಹಾಡ್ತೀನಿ, ಬಿಡದ ಹಾಗೆ ತೆಗೀರಿ."

ವೆಂಕಟರಮಣ ರೀಲು ತುಂಬಿದ. ಟೇಪು ಹಿಡಿದು ಅಳೆದ. ಎಂಟು ಅಡಿ, ಸರಿಯಾಗಿದೆ. ಕೀ ಕೊಟ್ಟು ಕಣ್ಣಿಗೇರಿಸಿದ. ಕಿಂಡಿಯಲ್ಲಿ ಅತ್ತೆ ಕಂಡರು, ಅವರ ಹಿಂದೆ ಮೆಡಿಕಲ್ ಕಾಲೇಜಿನ ನೀರಿನ ಟ್ಯಾಂಕು ಕಂಡಿತು, ಇನ್ನೂ ಯಾವ ಯಾವುದೋ ಸರ್ಕಾರಿ ಕಟ್ಟಡಗಳು, ಒಂದು ಎತ್ತರದ ಟವರು ಕಂಡವು. ಅದು ಯಾರದೋ, ಯಾವ ಇಲಾಖೆಯದೋ. ಗುಂಡಿ ಒತ್ತಿದ. ಟಕಟಕ ಶುರುವಾಯಿತು. ಕುಸುಮಾವತಿಯವರು ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡರು.

ಪಕ್ಕದಲ್ಲಿ ನಿಂತಿದ್ದ ನಿಖಿತಾ ಕ್ಯಾಮೆರಾದ ಮುಂಭಾಗ ನೋಡಿ ಬೆಚ್ಚಿದಳು. ಗಾಬರಿಗೆ ಅವಳ ಬಾಯಿಂದ ಏಳು ವರ್ಷದಲ್ಲಿ ಮೊದಲ ಸಲ ತಾನಾಗಿ ಕನ್ನಡ ಬಂತು.

"ಅಪ್ಪಾ! ಮುಚ್ಚಳ ತೆಗೆದೇ ಇಲ್ಲ!"

ವೆಂಕಟರಮಣ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಗುಂಡಿಯಿಂದ ಬೆರಳನ್ನೂ ತೆಗೆಯಲಿಲ್ಲ.

"ಮಿಂಡಾದಿರಿ ಮೋಳೇ," ಎಂದ ಅಪ್ಪಟ ಮಲಯಾಳದಲ್ಲಿ. ಸುಮ್ಮನಿರು ಮಗಳೇ.